ಕಾಳಿನೊಳಗಿನ ಹುಳಕ್ಕೆ ಬೇವು ತಲುಪಲಿಲ್ಲ: ಒಂದು ಗೋದಾಮಿನ ಪ್ರಕರಣ

ಹಿನ್ನೆಲೆ

ಬೆಳೆಗಾರರೇ ಸೇರಿ ನಡೆಸುವ ಒಂದು ಸಣ್ಣ ಸಂಘದ ಪ್ರಕರಣ ಇದು. ಗುರುತು ಹತ್ತುವಂಥ ವಿವರಗಳನ್ನೆಲ್ಲ ತೆಗೆದಿದ್ದೇನೆ. ಸಂಘದ ಬಳಿ ಇದ್ದದ್ದು ಒಂದೇ ಗೋದಾಮು, ಅದರ ತುಂಬ ಅಲಸಂದೆ ಕಾಳು. ಒಂದಷ್ಟು ಮುಂದಿನ ಬಿತ್ತನೆಗೆ, ಮಿಕ್ಕಿದ್ದು ಊಟಕ್ಕೆ ಮತ್ತು ಮಾರಾಟಕ್ಕೆ. ಎರಡನ್ನೂ ಒಂದೇ ಬಗೆಯ ಗೋಣಿಚೀಲದಲ್ಲಿ ತುಂಬಿ ಒಂದೇ ಅಟ್ಟಿಯಲ್ಲಿ ಪೇರಿಸಿದ್ದರು. ಚೀಲದ ಮೇಲೆ ಬರಹವೂ ಇರಲಿಲ್ಲ, ಬಣ್ಣದ ಗುರುತೂ ಇರಲಿಲ್ಲ. ಯಾವುದು ಬೀಜದ್ದು, ಯಾವುದು ಊಟದ್ದು ಎಂಬುದು ಉಸ್ತುವಾರಿಯವರ ತಲೆಯಲ್ಲಿ ಮಾತ್ರ ಇತ್ತು.

ಮೊದಲು ಅವರು ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಬಳಸುತ್ತಿದ್ದರು. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಕಾಳಿನೊಳಗೆ ಅಡಗಿದ ಹುಳವನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ. ಈ ಗೋದಾಮಿನ ಬಾಗಿಲು ಸರಿಯಾಗಿ ಕೂರುವುದಿಲ್ಲ, ಗೋಡೆಯಲ್ಲಿ ಬಿರುಕುಗಳಿವೆ, ಪಕ್ಕದಲ್ಲೇ ಜನ ಮಲಗುತ್ತಾರೆ. ಗುಳಿಗೆಯನ್ನು ಕೈಬಿಟ್ಟದ್ದು ಸರಿಯಾದ ತೀರ್ಮಾನ. ಅದಲ್ಲದೆ ಅನಿಲ ಹೊರಟುಹೋದ ಮೇಲೆ ಕಾಳಿಗೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಮರುದಿನವೇ ಹೊಸ ದುಂಬಿ ಬಂದು ಮೊಟ್ಟೆ ಇಡಬಹುದು. ಗುಳಿಗೆಯ ಬದಲು ಇನ್ನು ಮುಂದೆ "ಗಿಡಮೂಲಿಕೆ ಮಾತ್ರ" ಎಂದು ಸಂಘ ಠರಾವು ಮಾಡಿತು. ಯಾವ ಗಿಡ, ಅದರ ಯಾವ ಭಾಗ, ಎಷ್ಟು, ಯಾವಾಗ ಎಂಬ ಚರ್ಚೆ ಮಾತ್ರ ನಡೆಯಲಿಲ್ಲ.

ಸಮಸ್ಯೆ

ಕೊಯ್ಲಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಚೀಲಗಳ ಬುಡದಲ್ಲಿ ಹಿಟ್ಟಿನಂಥ ಪುಡಿ ಬೀಳತೊಡಗಿತು. ಗೋಣಿಯ ಮೇಲೆ ಕಂದು ಬಣ್ಣದ ಪುಟ್ಟ ದುಂಬಿಗಳು ಓಡಾಡುತ್ತಿದ್ದವು. ಕೈಹಾಕಿ ತೆಗೆದ ಕಾಳಿನಲ್ಲಿ ದುಂಡಗಿನ ತೂತು. ಕಾಳು ಕೊರೆಯುವ ದುಂಬಿ ಇದು, ಶಾಸ್ತ್ರೀಯ ಹೆಸರು ಕ್ಯಾಲೊಸೊಬ್ರುಕಸ್ ಮ್ಯಾಕುಲೇಟಸ್.

ಅಷ್ಟರಲ್ಲಿ ಸದಸ್ಯರು ಎರಡು ಉಪಾಯ ಮಾಡಿ ನೋಡಿದ್ದರು. ಬಹುಪಾಲು ಚೀಲಗಳಲ್ಲಿ ಕಾಳಿನ ಪದರಗಳ ನಡುವೆ ಒಣ ಬೇವಿನ ಸೊಪ್ಪು ಹಾಸಿದ್ದರು. ಕೆಲವು ಚೀಲಗಳ ಕಾಳನ್ನು ನೆಲಕ್ಕೆ ಸುರಿದು, ಬೆಳೆಗೆ ಹೊಡೆಯುವಂತೆಯೇ ಬೇವಿನ ಬೀಜದ ಕಷಾಯ ಸಿಂಪಡಿಸಿ, ಮೇಲ್ಮೇಲೆ ಆರಿಸಿ ಮತ್ತೆ ತುಂಬಿದ್ದರು. ಸೊಪ್ಪಿನ ಚೀಲಗಳಲ್ಲಿ ಹುಳ ಎಂದಿನಂತೆ ಇತ್ತು. ಕಷಾಯದ ಚೀಲಗಳಲ್ಲಿ ಹುಳದ ಜೊತೆಗೆ ಬೂಷ್ಟಿನ ವಾಸನೆಯೂ ಸೇರಿತ್ತು. ಕಷಾಯವೆಂದರೆ ಹೆಚ್ಚಿನಂಶ ನೀರು. ಹೊಲದಲ್ಲಿ ಎಲೆಯ ಮೇಲೆ ಬಿದ್ದ ನೀರು ಸಂಜೆಯೊಳಗೆ ಆರಿಹೋಗುತ್ತದೆ, ಒಣಗಿದ ಕಾಳು ಅದೇ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಾಸ್ತಾನಿಗೆ ನೀರು ಬೆರೆತ ಯಾವ ಸಾರವನ್ನೂ ಮುಟ್ಟಿಸಬಾರದು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ನಾನು ಹೋಗುವ ಹೊತ್ತಿಗೆ ಸಭೆ ಎರಡು ಪಾಳಯವಾಗಿತ್ತು. "ಬೇವು ಗೀವು ಎಲ್ಲ ಬರೀ ಮಾತು, ಗುಳಿಗೇನೇ ತರೋಣ" ಎನ್ನುವವರು ಒಂದು ಕಡೆ. "ಸೊಪ್ಪು ಕಮ್ಮಿ ಆಯ್ತು, ಇನ್ನಷ್ಟು ಹಾಕೋಣ" ಎನ್ನುವವರು ಇನ್ನೊಂದು ಕಡೆ. ಕಾಳಿನ ಒಳಗೆ ಏನು ನಡೆಯುತ್ತಿದೆ ಎಂದು ಎರಡೂ ಕಡೆಯವರು ನೋಡಿರಲಿಲ್ಲ.

ಮೊದಲು ನೋಡಿದ್ದು

ಹಾಗಾಗಿ ಯಾವ ಔಷಧಿಯನ್ನೂ ಹಾಕದೆ, ಅಟ್ಟಿಯ ಮೇಲಿನಿಂದ, ನಡುವಿನಿಂದ, ಬುಡದಿಂದ ಒಂದೊಂದು ಹಿಡಿ ಕಾಳು ತೆಗೆದು ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿ ಹಿಡಿದು ಕುಳಿತೆವು.

ಈ ದುಂಬಿಯ ಮೊಟ್ಟೆಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಹೆಣ್ಣು ದುಂಬಿ ಮೊಟ್ಟೆಯನ್ನು ಕಾಳಿನ ಸಿಪ್ಪೆಯ ಮೇಲೆ ಅಂಟಿಸುತ್ತದೆ. ಬದುಕಿನುದ್ದಕ್ಕೂ ಒಂದು ಹೆಣ್ಣು ಇಡುವ ಮೊಟ್ಟೆ ನೂರರ ಹತ್ತಿರ. ಹೊಸ ಮೊಟ್ಟೆ ಹೊಳೆಯುವ, ಆಚೆ ಕಾಣುವಷ್ಟು ತಿಳಿಯಾದ ಪುಟ್ಟ ಉಬ್ಬು. ಐದಾರು ದಿನದಲ್ಲಿ ಒಳಗಿನ ಮರಿಹುಳು ಹೊರಗೆ ಬರುವುದಿಲ್ಲ, ಮೊಟ್ಟೆಯ ತಳವನ್ನೇ ಕೊರೆದು ನೇರ ಕಾಳಿನೊಳಗೆ ಇಳಿಯುತ್ತದೆ. ಕೊರೆದ ಪುಡಿಯನ್ನು ಹಿಂದಕ್ಕೆ ತಳ್ಳುವುದರಿಂದ ಖಾಲಿ ಚಿಪ್ಪು ಆ ಪುಡಿಯಿಂದ ತುಂಬಿ ಸುಣ್ಣದ ಚುಕ್ಕೆಯಂತೆ ಬೆಳ್ಳಗಾಗುತ್ತದೆ. ಬಿಳಿ ಚುಕ್ಕೆ ಕಂಡರೆ ಹುಳು ಒಳಗೆ ಸೇರಿತು ಎಂದರ್ಥ. ದಿನಗಳು ಕಳೆದರೂ ತಿಳಿಯಾಗೇ ಉಳಿದ, ಸೊರಗಿದ ಮೊಟ್ಟೆ ಸತ್ತ ಮೊಟ್ಟೆ. ಆಮೇಲೆ ಸಿಪ್ಪೆಯ ಕೆಳಗೆ ಮಬ್ಬಾದ ದುಂಡು ಕಿಟಕಿ ಕಾಣುತ್ತದೆ, ಅದರ ಹಿಂದೆ ಕೋಶವೋ ಹೊರಬರಲು ಕಾದ ದುಂಬಿಯೋ ಇರುತ್ತದೆ. ಕೊನೆಗೆ ತೂತು. 30 ಡಿಗ್ರಿ ಸೆಲ್ಸಿಯಸ್ ಸುಮಾರಿನ ಉಷ್ಣಾಂಶದಲ್ಲಿ ಇಡೀ ಚಕ್ರ ಮೂರರಿಂದ ನಾಲ್ಕು ವಾರದಲ್ಲಿ ಮುಗಿಯುತ್ತದೆ.

ಕಾಳುಗಳನ್ನು ಐದು ಗುಂಪು ಮಾಡಿದೆವು: ಶುದ್ಧ, ತಿಳಿ ಮೊಟ್ಟೆ, ಬಿಳಿ ಚುಕ್ಕೆ, ಕಿಟಕಿ, ತೂತು. ಬುಡದ ಚೀಲಗಳಲ್ಲಿ ಐದೂ ಇದ್ದವು. ಮೇಲಿನ ಚೀಲಗಳಲ್ಲಿ ತೂತು ಬಲು ಅಪರೂಪ, ಆದರೆ ಬಿಳಿ ಚುಕ್ಕೆ ಧಾರಾಳ. "ಈ ಚೀಲ ಚೆನ್ನಾಗಿದೆ" ಎಂದು ಪಕ್ಕಕ್ಕಿಟ್ಟಿದ್ದ ಮಾಲು ಅದು. ಮೇಲೆ ಕಾಣದ್ದರಿಂದ ಒಳಗಿಲ್ಲ ಎಂದುಕೊಂಡಿದ್ದರು.

ಸೊಪ್ಪು ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಬೇವಿನ ಮುಖ್ಯ ಸತ್ವ ಅಜಾಡಿರಾಕ್ಟಿನ್. ಅದು ಹೆಚ್ಚಾಗಿ ಇರುವುದು ಬೀಜದ ತಿರುಳಿನಲ್ಲಿ, ಎಲೆಯಲ್ಲಿ ತೀರಾ ಕಡಿಮೆ. ಅದರ ಕೆಲಸ ಕೀಟಕ್ಕೆ ತಿನ್ನುವುದನ್ನು ಬೇಡವಾಗಿಸುವುದು, ಪೊರೆ ಕಳಚುವುದನ್ನು ಕೆಡಿಸುವುದು. ಆದರೆ ಈ ದುಂಬಿ ದೊಡ್ಡದಾದ ಮೇಲೆ ಗೋದಾಮಿನಲ್ಲಿ ಏನನ್ನೂ ತಿನ್ನುವುದಿಲ್ಲ. ತಿನ್ನುವುದು ಮರಿಹುಳು, ಅದು ಕಾಳಿನ ಗರ್ಭದಲ್ಲಿದೆ. ಚೀಲದಲ್ಲಿ ಮಡಚಿಕೊಂಡು ಬಿದ್ದ ಎಲೆಗೂ ಅದಕ್ಕೂ ಭೇಟಿಯೇ ಇಲ್ಲ.

ಜಾಡಿಗಳ ಪ್ರಯೋಗ

ಇಡೀ ದಾಸ್ತಾನಿನ ಮೇಲೆ ಕೈಹಾಕುವ ಮುನ್ನ ಜಾಡಿಗಳಲ್ಲಿ ಪರೀಕ್ಷೆ ಮಾಡೋಣ ಎಂದಾಗ ಉಸ್ತುವಾರಿಯವರು ಒಪ್ಪಿದರು, ಕೆಲವರು ಗೊಣಗಿದರು. ಎರಡು ಸಾಲು ಜಾಡಿ ಇಟ್ಟೆವು. ಒಂದು ಸಾಲಿಗೆ ಶುದ್ಧ ಕಾಳು. ಒಳಗೆ ಏನಾದರೂ ಅಡಗಿದ್ದರೆ ಸಾಯಲಿ ಎಂದು ಅದನ್ನು ಮೊದಲು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಟ್ಟು, ಕಟ್ಟಿದ ಚೀಲದಲ್ಲೇ ಕೋಣೆಯ ಬಿಸಿಗೆ ಬರುವವರೆಗೆ ಕಾದು, ಆಮೇಲೆ ಬಿಚ್ಚಿದೆವು. ತಣ್ಣಗಿರುವಾಗಲೇ ಬಿಚ್ಚಿದರೆ ಕಾಳು ಬೆವರುತ್ತದೆ. ಈ ಸಾಲಿನ ಜಾಡಿಗಳಿಗೆ ಹೊರಗಿನಿಂದ ದುಂಬಿ ಬಿಟ್ಟೆವು. ಇನ್ನೊಂದು ಸಾಲಿಗೆ ಬಿಳಿ ಚುಕ್ಕೆ ಬಿದ್ದ, ಅಂದರೆ ಹುಳು ಆಗಲೇ ಒಳಸೇರಿದ ಕಾಳು.

ಎರಡೂ ಸಾಲಿನಲ್ಲಿ ಬೇವಿನ ಸೊಪ್ಪಿನ ಪುಡಿ, ಕಿಲೋಗೆ 5 ಮಿ.ಲೀ. ಬೇವಿನ ಎಣ್ಣೆ, ಕಿಲೋಗೆ 5 ಮಿ.ಲೀ. ಸಾಮಾನ್ಯ ಅಡುಗೆ ಎಣ್ಣೆ, ಕಿಲೋಗೆ 10 ಗ್ರಾಂ ಬಜೆ ಬೇರಿನ ಪುಡಿ, ಮುಚ್ಚಿದ ಜಾಡಿಯಲ್ಲಿ ಹತ್ತಿಗೆ ಅದ್ದಿ ತೂಗುಬಿಟ್ಟ ನೀಲಗಿರಿ ಎಣ್ಣೆ. ಜೊತೆಗೆ ಏನೂ ಹಾಕದ ಜಾಡಿಗಳು.

ಏನೂ ಹಾಕದ ಜಾಡಿ ಏಕೆ ಬೇಕು ಎಂಬ ಪ್ರಶ್ನೆ ಬಂತು. ದೊಡ್ಡ ದುಂಬಿಯ ಆಯುಷ್ಯವೇ ಒಂದೆರಡು ವಾರ. ಯಾವ ಸೊಪ್ಪು ಹಾಕಿದರೂ, ಹಾಕದಿದ್ದರೂ ಅದು ಸಾಯುತ್ತದೆ. ಹೋಲಿಸಲು ಬರಿಯ ಜಾಡಿ ಇಲ್ಲದಿದ್ದರೆ ಆ ಸಾವೆಲ್ಲ ಸೊಪ್ಪಿನ ಖಾತೆಗೆ ಜಮಾ ಆಗುತ್ತದೆ. ಕೀಟನಾಶಕ ಪರೀಕ್ಷೆಯಲ್ಲಿ ಈ ಸಹಜ ಸಾವನ್ನು ಕಳೆದು ಲೆಕ್ಕ ಹಾಕಲು ಅಬಟ್ ಎಂಬ ವಿಜ್ಞಾನಿ 1925ರಲ್ಲಿ ಕೊಟ್ಟ ಸೂತ್ರವನ್ನು ಇಂದಿಗೂ ಬಳಸುತ್ತಾರೆ. "ನಮ್ಮ ಸೊಪ್ಪಿಗೆ ಹುಳ ಸತ್ತೇಹೋಯ್ತು" ಎಂಬ ಎಷ್ಟೋ ಕಥೆಗಳ ಹಿಂದೆ ಬರಿಯ ಜಾಡಿ ಇರುವುದಿಲ್ಲ.

ನೀಲಗಿರಿ ಜಾಡಿ ಮೊದಲ ದಿನ ಎಲ್ಲರನ್ನೂ ಗೆದ್ದಿತು. ಬೆಳಗಾಗುವಷ್ಟರಲ್ಲಿ ದುಂಬಿಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಅದರಲ್ಲಿರುವ ಸಿನಿಯೋಲ್ ಆವಿಯಾಗಿ ಕೀಟದ ಉಸಿರಿನ ಮೂಲಕ ಒಳಹೋಗಿ ನರಕ್ಕೆ ಪೆಟ್ಟು ಕೊಡುತ್ತದೆ. ಇಡೀ ಗೋದಾಮಿಗೆ ಅದನ್ನೇ ತರೋಣ ಎಂದು ಅಲ್ಲೇ ಒತ್ತಾಯ ಶುರುವಾಯಿತು. ಜಾಡಿಗೆ ಮುಚ್ಚಳವಿದೆ, ಗೋದಾಮಿಗೆ ಇಲ್ಲ ಎಂದು ತಡೆದೆವು. ಆವಿಯ ಒಂದಂಶವನ್ನು ಕಾಳೇ ಹೀರಿಕೊಳ್ಳುತ್ತದೆ, ಉಳಿದದ್ದು ಬಿರುಕುಗಳಿಂದ ಹೊರಟುಹೋಗುತ್ತದೆ. ಮುಂದೆ ಎರಡನೇ ಸಾಲಿನ ನೀಲಗಿರಿ ಜಾಡಿಗಳಲ್ಲಿ ಕಾಳಿನೊಳಗಿಂದ ಹೊಸ ದುಂಬಿಗಳು ಬಂದಾಗ ಒತ್ತಾಯ ತಾನಾಗಿ ತಣ್ಣಗಾಯಿತು.

ಮೂರನೇ ವಾರದ ಜಗಳ

ಈ ಪ್ರಕರಣದ ನಿಜವಾದ ತಿರುವು ಎರಡನೇ ಸಾಲಿನಲ್ಲಿತ್ತು. ಬೇವಿನ ಎಣ್ಣೆ ಹಚ್ಚಿದ, ಆದರೆ ಹುಳು ಮೊದಲೇ ಒಳಸೇರಿದ್ದ ಕಾಳಿನಿಂದ ದುಂಬಿಗಳು ಬರತೊಡಗಿದವು. ಬರಿಯ ಜಾಡಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ. "ಎಣ್ಣೆ ಹಚ್ಚಿದ್ರೂ ಬರ್ತಾನೇ ಇದೆಯಲ್ಲ ಸರ್, ಇನ್ನೇನು ನೋಡೋದು?" ಎಂದು ಒಬ್ಬ ಸದಸ್ಯರು ಜಾಡಿಯನ್ನು ಮೇಜಿನ ಮೇಲೆ ಇಟ್ಟೇಬಿಟ್ಟರು. ಪ್ರಯೋಗ ನಿಲ್ಲಿಸಿ ಗುಳಿಗೆಗೆ ಹಣ ಮಂಜೂರು ಮಾಡಿ ಎಂದು ಪಟ್ಟು ಹಿಡಿದರು. ಅವರು ಹೇಳಿದ್ದು ಸುಳ್ಳಲ್ಲ, ದುಂಬಿಗಳು ಕಣ್ಣೆದುರಿಗೇ ಇದ್ದವು.

ಆದರೆ ಎಣ್ಣೆ ಕೆಲಸ ಮಾಡುವುದು ಮೊಟ್ಟೆಯ ಮೇಲೆ. ಸಿಪ್ಪೆಯ ಮೇಲಿನ ತೆಳ್ಳನೆಯ ಎಣ್ಣೆಪೊರೆ ಮೊಟ್ಟೆಗೆ ಗಾಳಿಯಾಡದಂತೆ ಮಾಡುತ್ತದೆ, ಮರಿಹುಳು ಒಳಗಿಳಿಯುವ ಮೊದಲೇ ಸಾಯುತ್ತದೆ. ಒಳಗಿಳಿದಾಗಿದ್ದರೆ ಪೊರೆ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಈಗ ಬರುತ್ತಿರುವ ದುಂಬಿಗಳು ಎಣ್ಣೆ ಹಚ್ಚುವ ಮೊದಲೇ ಒಳಸೇರಿದ್ದವು. ಎಣ್ಣೆ ಸೋತಿತೋ ಗೆದ್ದಿತೋ ಎಂಬುದು ಇವು ಇಡುವ ಮೊಟ್ಟೆಗಳಿಂದ ತಿಳಿಯಬೇಕು. ಇನ್ನೊಂದು ತಲೆಮಾರು ಕಾಯೋಣ, ಅಲ್ಲಿಯವರೆಗೆ ಗುಳಿಗೆಯೂ ಬೇಡ, ಎಣ್ಣೆಯೂ ಬೇಡ ಎಂದು ಉಸ್ತುವಾರಿಯವರು ಗಟ್ಟಿಯಾಗಿ ನಿಂತರು. ಸುಲಭದ ತೀರ್ಮಾನವಲ್ಲ ಅದು, ಅತ್ತ ಗೋದಾಮಿನಲ್ಲಿ ಕಾಳು ಪುಡಿಯಾಗುತ್ತಲೇ ಇತ್ತು.

ಮುಂದಿನ ತಲೆಮಾರಿನಲ್ಲಿ ಜಾಡಿಗಳು ಬೇರೆ ಬೇರೆ ದಾರಿ ಹಿಡಿದವು. ಬರಿಯ ಜಾಡಿಯಲ್ಲಿ ಕಾಳಿಗಿಂತ ಪುಡಿಯೇ ಹೆಚ್ಚು. ಸೊಪ್ಪಿನ ಪುಡಿಯ ಜಾಡಿಯೂ ಅದರ ಹಿಂದೆಯೇ. ಬೇವಿನ ಎಣ್ಣೆಯ ಜಾಡಿಯಲ್ಲಿ ಸತ್ತ ದುಂಬಿಗಳು ತಳದಲ್ಲಿ ಬಿದ್ದಿದ್ದವು, ಕಾಳಿನ ಮೇಲೆ ಮೊಟ್ಟೆಗಳೇ ಕಡಿಮೆ, ಇದ್ದವೂ ಹೆಚ್ಚಿನಂಶ ಬೆಳ್ಳಗಾಗದೆ ಸೊರಗಿದ್ದವು. ಅಚ್ಚರಿ ಹುಟ್ಟಿಸಿದ್ದು ಅಡುಗೆ ಎಣ್ಣೆ. ಮೊಟ್ಟೆ ಕೊಲ್ಲುವುದರಲ್ಲಿ ಅದು ಬೇವಿನ ಎಣ್ಣೆಗೆ ಹೆಚ್ಚು ಹಿಂದೆ ಬೀಳಲಿಲ್ಲ. ಬೇವಿನ ಎಣ್ಣೆ ಹಚ್ಚಿದಲ್ಲಿ ದುಂಬಿ ಮೊಟ್ಟೆ ಇಡಲು ಹಿಂಜರಿದಿತ್ತು, ಅಡುಗೆ ಎಣ್ಣೆ ಹಚ್ಚಿದಲ್ಲಿ ಇಟ್ಟ ಮೊಟ್ಟೆಗಳು ಸತ್ತಿದ್ದವು. ಬೇವಿನ ಎಣ್ಣೆಯ ಯಶಸ್ಸಿನಲ್ಲಿ ಎಷ್ಟು ಪಾಲು ಬೇವಿನದು, ಎಷ್ಟು ಪಾಲು ಬರೀ ಎಣ್ಣೆಯದು ಎಂಬುದನ್ನು ಈ ಒಂದು ಜಾಡಿ ಬೇರ್ಪಡಿಸಿ ತೋರಿಸಿತು. ಅದನ್ನು ಇಡದೇ ಹೋಗಿದ್ದರೆ ಎಲ್ಲವೂ ಬೇವಿನ ಮಹಿಮೆಯಾಗಿಬಿಡುತ್ತಿತ್ತು.

ಬಜೆಯ ಪ್ರಶ್ನೆ

ಶುದ್ಧ ಕಾಳಿನ ಸಾಲಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಂತದ್ದು ಬಜೆ. ಅದರ ಬೇರಿನಲ್ಲಿರುವ ಬೀಟಾ-ಅಸರೋನ್ ದುಂಬಿಯನ್ನು ಕೊಲ್ಲುತ್ತದೆ, ಉಳಿದ ಕೀಟಗಳ ಸಂತಾನಶಕ್ತಿಯನ್ನೂ ಕುಗ್ಗಿಸುತ್ತದೆ. ಜಾಡಿ ನೋಡಿದ ಸದಸ್ಯರು ಎಲ್ಲ ಚೀಲಗಳಿಗೂ ಬಜೆಯೇ ಆಗಲಿ ಎಂದರು.

ಇದಕ್ಕೆ ನಾವು ಖಡಾಖಂಡಿತವಾಗಿ ಬೇಡ ಎಂದೆವು. ಬೀಟಾ-ಅಸರೋನ್ ಇಲಿಗಳಲ್ಲಿ ಗೆಡ್ಡೆ ತರಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಅಮೆರಿಕವು 1968ರಲ್ಲೇ ಆಹಾರಕ್ಕೆ ಬಜೆ ಬೆರೆಸುವುದನ್ನು ನಿಷೇಧಿಸಿತು. ಬಜೆ ಗಿಡಗಳೆಲ್ಲ ಒಂದೇ ಅಲ್ಲ, ಕೆಲವು ತಳಿಗಳಲ್ಲಿ ಈ ಅಂಶ ಇಲ್ಲವೇ ಇಲ್ಲ, ಕೆಲವದರಲ್ಲಿ ತುಂಬ ಹೆಚ್ಚು. ಕೀಟ ಸಾಯುವುದು ಹೆಚ್ಚಿರುವ ತಳಿಯಿಂದಲೇ. ಔಷಧಿಯಾಗಿ ಚಿಟಿಕೆಯಷ್ಟು ತೇದು ಕೊಡುವುದೇ ಬೇರೆ, ದಿನಾ ಉಣ್ಣುವ ಕಾಳಿಗೆ ಕಿಲೋಗೆ 10 ಗ್ರಾಂ ಬೆರೆಸುವುದೇ ಬೇರೆ. ಗಿಡದ್ದು ಎಂದ ಮಾತ್ರಕ್ಕೆ ನಿರಪಾಯ ಎಂಬ ಭ್ರಮೆ ಈ ಕ್ಷೇತ್ರದಲ್ಲಿ ಬಹಳ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಎಂಥ ಉರಿ ಎಂದು ಒಮ್ಮೆ ಅರೆದವರನ್ನು ಕೇಳಿ. ರೋಟೆನೋನ್ ಎಂಬ ಕೀಟನಾಶಕ ಕೂಡ ಗಿಡದ ಬೇರಿನಿಂದಲೇ ಬರುತ್ತದೆ. ಅದನ್ನು ಬಳಸಿದವರಲ್ಲಿ ಪಾರ್ಕಿನ್ಸನ್ ಕಾಯಿಲೆಯ ಸಂಬಂಧ ಕಂಡಿದೆ.

ಹೀಗೆ ಬಜೆ ಬೀಜಕ್ಕೆ ಮಾತ್ರ ಎಂದು ತೀರ್ಮಾನವಾಯಿತು. ಆಗ ಎದ್ದದ್ದು ಆರಂಭದಲ್ಲಿ ಹೇಳಿದ ತೊಡಕು, ಬೀಜದ ಚೀಲ ಯಾವುದು, ಊಟದ ಚೀಲ ಯಾವುದು? ಉಸ್ತುವಾರಿಯವರು ರಜೆಯಲ್ಲಿದ್ದ ದಿನ ಯಾರೋ ಬೀಜದ ಚೀಲ ಬಿಚ್ಚಿ ಅಡುಗೆಗೆ ಕೊಟ್ಟರೆ? ಗಿಡದ ಆಯ್ಕೆಗಿಂತ ಮೊದಲು ಅಟ್ಟಿ ಒಡೆಯಬೇಕಾಯಿತು. ಬೀಜ ಕೆಂಪು ಬಳಿದ ಲೋಹದ ಡ್ರಮ್ಮುಗಳಿಗೆ ಹೋಯಿತು, ಡ್ರಮ್ಮುಗಳ ಮೇಲೆ "ವಿಷ ಬೆರೆಸಿದ ಬೀಜ, ತಿನ್ನಬಾರದು" ಎಂದು ಬರೆಸಿದರು. ಗಿಡಮೂಲಿಕೆಯನ್ನು ವಿಷ ಎಂದು ಬರೆಯುವುದಕ್ಕೆ ಸಭೆಯಲ್ಲಿ ಆಕ್ಷೇಪ ಬಂತು. ಹಿರಿಯ ಸದಸ್ಯೆಯೊಬ್ಬರು "ಹುಳ ಸಾಯ್ತದೆ ಅಂದ್ಮೇಲೆ ವಿಷ ಅಲ್ದೆ ಇನ್ನೇನಪ್ಪ?" ಎಂದರು. ಬರಹ ಹಾಗೇ ಉಳಿಯಿತು.

ದಾಸ್ತಾನಿಗೆ ಮಾಡಿದ್ದು

ಬೂಷ್ಟು ಹಿಡಿದ ಕಾಳನ್ನು ಊಟಕ್ಕೂ ಇಲ್ಲ, ಮೇವಿಗೂ ಇಲ್ಲ ಎಂದು ನಾಶ ಮಾಡಿಸಿದೆವು. ಉಳಿದದ್ದರಲ್ಲಿ ಒಳಗಿನ ಹುಳುವಿಗೆ ಯಾವ ಸಾರವೂ ಮುಟ್ಟುವುದಿಲ್ಲ ಎಂಬುದು ಖಾತ್ರಿಯಾಗಿದ್ದರಿಂದ ಮೊದಲು ಬಿಸಿ, ಆಮೇಲೆ ಎಣ್ಣೆ ಎಂದು ಕ್ರಮ ಮಾಡಿಕೊಂಡೆವು. ಕಪ್ಪು ಹಾಳೆಯ ಮೇಲೆ ಕಾಳನ್ನು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚು ಒತ್ತಿ ಬಿಸಿಲಿಗೆ ಬಿಟ್ಟರೆ ಕಾಳಿನ ಉಷ್ಣಾಂಶ ಬರೀ ಬಿಸಿಲಿನಲ್ಲಿ ಏರುವುದಕ್ಕಿಂತ ಬಹಳ ಮೇಲೇರುತ್ತದೆ. 57 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ನಿಂತರೆ ಮೊಟ್ಟೆಯಿಂದ ದುಂಬಿಯವರೆಗೆ ಎಲ್ಲ ಹಂತವೂ ಸಾಯುತ್ತದೆ. ಅಂದಾಜು ಬೇಡವೆಂದು ಕಾಳಿನ ನಡುವೆ ಥರ್ಮಾಮೀಟರ್ ಹುದುಗಿಸಿದೆವು. ಬೀಜದ ಕಾಳನ್ನು ಮಾತ್ರ ಮೊದಲು ಸ್ವಲ್ಪ ಬಿಸಿ ಮಾಡಿ, ಮೊಳಕೆ ಪರೀಕ್ಷೆ ನೋಡಿಕೊಂಡು ಆಮೇಲೆ ಮುಂದುವರಿದೆವು.

ಪೂರ್ತಿ ತಣಿದು, ಜರಡಿ ಹಿಡಿದು, ಕೇರಿದ ಮೇಲೆ ಎಣ್ಣೆ. ಲೆಕ್ಕ ಸುಲಭ, ಕ್ವಿಂಟಲಿಗೆ ಅರ್ಧ ಲೀಟರ್. ಕಷ್ಟ ಇರುವುದು ಸಮನಾಗಿ ಹಚ್ಚುವುದರಲ್ಲಿ. ರಾಶಿಯ ಮೇಲೆ ಸುರಿದು ಸಲಿಕೆಯಿಂದ ತಿರುವಿದಾಗ ಕೆಲವು ಕಾಳು ಎಣ್ಣೆಯಲ್ಲಿ ಮಿಂದಿದ್ದವು, ಕೆಲವಕ್ಕೆ ಎಣ್ಣೆಯೇ ತಾಗಿರಲಿಲ್ಲ. ಎಣ್ಣೆ ತಾಗದ ಆ ಕಾಳುಗಳೇ ಮುಂದಿನ ಹುಳಕ್ಕೆ ತೊಟ್ಟಿಲು. ಕೊನೆಗೆ ಎಣ್ಣೆಯನ್ನು ಮೊದಲು ಒಂದು ಬೋಗುಣಿ ಕಾಳಿಗೆ ಚೆನ್ನಾಗಿ ಉಜ್ಜಿ, ಆ ಕಾಳನ್ನು ಉಳಿದದ್ದರೊಂದಿಗೆ ಡ್ರಮ್ಮಿಗೆ ಹಾಕಿ, ಮುಚ್ಚಳ ಬಿಗಿದು ಅಡ್ಡ ಮಲಗಿಸಿ ಉರುಳಿಸಿದರು. ಪ್ರತಿ ಕಾಳಿನ ಮೈಯಲ್ಲೂ ಹೊಳಪು ಕಾಣುವವರೆಗೆ ಉರುಳಿಸುವುದು ಎಂಬುದೇ ನಿಯಮವಾಯಿತು.

ಬೇವಿನ ಎಣ್ಣೆಯ ಗುಣಮಟ್ಟ ಇನ್ನೊಂದು ತಲೆನೋವು. ಎರಡು ಮನೆಯವರು ತೆಗೆದ ಎಣ್ಣೆ ಬಣ್ಣದಲ್ಲೂ ವಾಸನೆಯಲ್ಲೂ ಬೇರೆ ಬೇರೆ. ಒಬ್ಬರು ಬೀಜವನ್ನು ನೆರಳಿನಲ್ಲಿ ಒಣಗಿಸಿದ್ದರು, ಇನ್ನೊಬ್ಬರ ಬೀಜ ಬಿಸಿಲಿಗೂ ತೇವಕ್ಕೂ ಸಿಕ್ಕಿ ಕಪ್ಪಾಗಿತ್ತು. ಅಜಾಡಿರಾಕ್ಟಿನ್ ಬೆಳಕು, ಬಿಸಿ ಎರಡಕ್ಕೂ ಹಾಳಾಗುತ್ತದೆ. ಅದನ್ನು ಬೇರ್ಪಡಿಸಿದ್ದು 1968ರಲ್ಲಿ, ರಚನೆ ಖಚಿತವಾದದ್ದು 1985ರಲ್ಲಿ, ಪ್ರಯೋಗಾಲಯದಲ್ಲಿ ಪೂರ್ತಿಯಾಗಿ ಕಟ್ಟಲು ಸಾಧ್ಯವಾದದ್ದು 2007ರಲ್ಲಿ. ಅಷ್ಟು ಜಟಿಲವಾದ ಅಣು ಇದು, ಹಾಗಾಗಿ ಇಂದಿಗೂ ಬೀಜದಿಂದಲೇ ತೆಗೆಯಬೇಕು, ಬೀಜ ಕೆಟ್ಟರೆ ಸತ್ವವೂ ಕೆಟ್ಟಿತು. ಬೆಳೆಗೆ ಸಿಂಪಡಿಸುವ, ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಎಂಬ) ಲೆಕ್ಕದಲ್ಲಿ ಮಾರುವ ಬೇವಿನ ದ್ರಾವಣ ತರೋಣ ಎಂಬ ಸಲಹೆಯೂ ಬಂತು. ಅದರಲ್ಲಿ ನೀರಿಗೆ ಬೆರೆಯಲೆಂದು ಬೇರೆ ರಾಸಾಯನಿಕಗಳು ಇರುತ್ತವೆ. ಆಹಾರ ಧಾನ್ಯಕ್ಕೆ ಎಂದು ಲೇಬಲ್ಲಿನಲ್ಲಿ ಬರೆದಿರದಿದ್ದರೆ ಅದನ್ನು ಮುಟ್ಟಬಾರದು ಎಂದೆವು.

ಆದದ್ದು

ಬಜೆ ಹಾಕಿದ ಡ್ರಮ್ಮುಗಳು ಬಿತ್ತನೆಯವರೆಗೆ ಸ್ವಚ್ಛವಾಗಿ ಉಳಿದವು, ಮೊಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಗಾಳಿಯಾಡದ ಡ್ರಮ್ಮಿನ ಪಾಲೆಷ್ಟು, ಬಜೆಯ ಪಾಲೆಷ್ಟು ಎಂದು ಇಲ್ಲಿ ಬಿಡಿಸಿ ಹೇಳಲು ಬರುವುದಿಲ್ಲ. ಬಜೆ ಇಲ್ಲದ ಡ್ರಮ್ಮು ಒಂದನ್ನೂ ಇಟ್ಟಿರಲಿಲ್ಲ, ಬೀಜವನ್ನು ಪಣಕ್ಕಿಡಲು ಸಂಘ ಒಪ್ಪಲಿಲ್ಲ.

ಊಟದ ಕಾಳಿನ ಕಥೆ ಅಷ್ಟು ಸಲೀಸಾಗಲಿಲ್ಲ. ಹುಳ ನಿಂತಿತು, ದೂರು ಶುರುವಾಯಿತು. ಬೇವಿನ ಎಣ್ಣೆಯ ಬೆಳ್ಳುಳ್ಳಿಯಂಥ ಗಂಧಕದ ವಾಸನೆ, ನಾಲಿಗೆಗೆ ಹತ್ತುವ ಕಹಿ. ಬಿಸಿನೀರಿನಲ್ಲಿ ತೊಳೆದರೆ ಕಮ್ಮಿಯಾಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಕೆಲವರು ತೆಗೆದುಕೊಳ್ಳುವುದನ್ನೇ ಬಿಟ್ಟರು. ಬೇಗ ಖರ್ಚಾಗುವ ಕಾಳಿಗೆ ಅಡುಗೆ ಎಣ್ಣೆ ಸಾಕು ಎಂದು ಜಾಡಿ ಹೇಳಿದ್ದು ಇಲ್ಲಿ ನೆರವಿಗೆ ಬಂತು. ಅದಕ್ಕೂ ಮಿತಿ ಇದೆ, ತಿಂಗಳುಗಟ್ಟಲೆ ಇಟ್ಟರೆ ಎಣ್ಣೆ ಕಮಟುತ್ತದೆ. ಹಾಗಾಗಿ ಈಗ ಮೊದಲು ಖರ್ಚಾಗುವುದಕ್ಕೆ ಅಡುಗೆ ಎಣ್ಣೆ, ಕೊನೆಗೆ ತೆಗೆಯುವುದಕ್ಕೆ ಬೇವಿನ ಎಣ್ಣೆ.

ಒಂದು ಮೂಲೆಯ ಚೀಲಗಳಲ್ಲಿ ಹುಳ ಮತ್ತೆ ಕಾಣಿಸಿತು. ಎಣ್ಣೆ ಸರಿಯಾಗಿತ್ತು, ಬಿಸಿಯೂ ಸರಿಯಾಗಿತ್ತು. ಚೀಲ ಹಳೆಯದು. ಹೊಲಿಗೆಯ ಸಂದಿನಲ್ಲಿ ಹಿಂದಿನ ವರ್ಷದ ತೂತು ಕಾಳುಗಳು ಸಿಕ್ಕಿಕೊಂಡಿದ್ದವು, ಪಕ್ಕದ ಗೋಡೆಯ ಬಿರುಕಿನಲ್ಲೂ ಒಂದು ಹಿಡಿ ಸಿಕ್ಕಿತು. ಚೀಲ ಕುದಿಸಿ ಒಣಗಿಸಿ, ಬಿರುಕು ಮುಚ್ಚಿಸಿ, ಆ ಕಾಳನ್ನು ಮತ್ತೆ ಬಿಸಿಲಿಗೆ ಹಾಕಬೇಕಾಯಿತು.

ಈಗ ಉಳಿದಿರುವ ವಾದ ಸಮಯದ್ದು. ಈ ದುಂಬಿ ಗೋದಾಮಿನಲ್ಲಿ ಮಾತ್ರ ಹುಟ್ಟುವುದಲ್ಲ, ಹೊಲದಲ್ಲಿ ಒಣಗುತ್ತಿರುವ ಕಾಯಿಗಳ ಮೇಲೆಯೇ ಮೊಟ್ಟೆ ಇಟ್ಟು ಕಾಳಿನ ಜೊತೆ ಬರುತ್ತದೆ. ಹಾಗಾಗಿ ಬಡಿದು ಒಣಗಿಸಿದ ವಾರದೊಳಗೆ ಎಣ್ಣೆಯ ಕೆಲಸ ಮುಗಿಯಬೇಕು, ತಡವಾದ ಮಾಲು ಬಿಸಿಯಾಗದೆ ಒಳಗೆ ಬರಬಾರದು ಎಂದು ಉಸ್ತುವಾರಿಯವರ ಹಟ. ಕೊಯ್ಲಿನ ದಿನಗಳಲ್ಲಿ ಅಷ್ಟು ಕೈಗಳು ಎಲ್ಲಿಂದ ಬರಬೇಕು ಎಂದು ಸದಸ್ಯರು ಕೇಳುತ್ತಾರೆ. ಸದ್ಯಕ್ಕೆ ಬಾಗಿಲಲ್ಲೇ ಭೂತಗನ್ನಡಿ ತೂಗುಹಾಕಿದ್ದಾರೆ. ಬಂದ ಪ್ರತಿ ಚೀಲದಿಂದ ಹಿಡಿ ಕಾಳು ತೆಗೆದು ನೋಡಿ, ತಿಳಿ ಮೊಟ್ಟೆಯಷ್ಟೇ ಇದ್ದರೆ ಎಣ್ಣೆಗೆ, ಬಿಳಿ ಚುಕ್ಕೆ ಇದ್ದರೆ ಬಿಸಿಲಿಗೆ ಕಳಿಸುತ್ತಾರೆ. ಬಿತ್ತನೆ ಮುಗಿದ ಮೇಲೆ ಕೆಂಪು ಡ್ರಮ್ಮಿನಲ್ಲಿ ಮಿಕ್ಕ ಬೀಜವನ್ನು ಊಟಕ್ಕೆ ತಿರುಗಿಸುವಂತಿಲ್ಲವಾದ್ದರಿಂದ ಅದನ್ನು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿದರು. ಮುಂದಿನ ಸಲ ಬಿತ್ತನೆಗೆ ಬೇಕಾದಷ್ಟನ್ನು ಮೊದಲೇ ಅಳೆದು, ಅಷ್ಟಕ್ಕೆ ಮಾತ್ರ ಬಜೆ ಬೆರೆಸುವುದೆಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.